ಇಯರ್‌ಬುಕ್ಕೂ ಒಂದು ಪುಸ್ತಕವೇ



ಈ ಅಂಕಣದಲ್ಲಿ ಇಲ್ಲಿಯವರೆಗೆ ಕಾದಂಬರಿ, ಕಥಾಸಂಕಲನ, ಪ್ರವಾಸ ಕಥನ, ಆಗೊಮ್ಮೆ ಈಗೊಮ್ಮೆ ಕವನ ಸಂಕಲನಗಳನ್ನು ಓದುತ್ತ ಬಂದಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಊರಿನಿಂದ ಸೂಟ್‌ಕೇಸಿನಲ್ಲಿ ಬಂದವು. ಈ ಸಲ ಸೂಟ್‌ಕೇಸು ತೆರೆಯುವುದು ಬೇಡ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮಲ್ಲಿ ಬಹುತೇಕರ ಮನೆಯ ಕಪಾಟಿನಲ್ಲಿ ಇದ್ದೇ ಇರುವ, ದಪ್ಪ ರಟ್ಟಿನ, ನುಣುಪು ಕಾಗದದ, ಎತ್ತಿದರೆ ಕೈ ಜಗ್ಗುವ ಒಂದು ಪುಸ್ತಕವನ್ನು ವಿಮರ್ಶೆಗೆ ತೆಗೆದುಕೊಂಡಿದ್ದೇವೆ. ಅದು ಹೈಸ್ಕೂಲಿನ ಇಯರ್‌ಬುಕ್.

"ಅದೂ ಒಂದು ಪುಸ್ತಕವೇ?" ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ಪುಸ್ತಕವಲ್ಲದೆ ಮತ್ತೇನು! ಅದಕ್ಕೆ ಸಂಪಾದಕರಿದ್ದಾರೆ, ಪುಟಸಂಖ್ಯೆ ಇದೆ, ಪರಿವಿಡಿ ಇದೆ, ಬೆಲೆಯಂತೂ ಇದ್ದೇ ಇದೆ. ನಮ್ಮ ಮಕ್ಕಳು ಬರೆದು, ಜೋಡಿಸಿ, ಅಚ್ಚಿಗೆ ಕಳಿಸಿದ ಪುಸ್ತಕ ಅದು. ನಮ್ಮ ಮಕ್ಕಳೇ ಪಾತ್ರಗಳಾಗಿರುವ ಪುಸ್ತಕವೂ ಹೌದು. ಐವತ್ತು ವರ್ಷ ಕಳೆದ ಮೇಲೂ ಯಾರೋ ಒಬ್ಬರು ಅದನ್ನು ತೆರೆದು ಹೆಸರು ಹುಡುಕುತ್ತಾರೆ. ಇಷ್ಟು ಆಯುಸ್ಸಿರುವ ಪುಸ್ತಕವನ್ನು ಒಬ್ಬರೂ ವಿಮರ್ಶಿಸದೆ ಬಿಟ್ಟರೆ ಹೇಗೆ? ಬಳಗದ ಮನೆಗಳಿಂದ ಏಳು ಇಯರ್‌ಬುಕ್ಕುಗಳನ್ನು ತರಿಸಿ, ಮೇಜಿನ ಮೇಲೆ ಹರಡಿಕೊಂಡು ಓದಿದೆವು. ಶಾಲೆಗಳ ಹೆಸರು ಬೇಡ. ಸಂಪಾದಿಸಿದವರು ಹದಿನೇಳರ ಮಕ್ಕಳು.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಇಯರ್‌ಬುಕ್ಕಿನ ಪೂರ್ವಜ ಎಂದು ಸಾಮಾನ್ಯವಾಗಿ ಹೆಸರಿಸುವುದು 1806ರಲ್ಲಿ ಯೇಲ್ ಕಾಲೇಜಿನಿಂದ ಹೊರಟ ತರಗತಿಯ ಒಂದು ಸಂಪುಟವನ್ನು. ಫೋಟೋಗ್ರಫಿ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಅದರಲ್ಲಿದ್ದುದು ವಿದ್ಯಾರ್ಥಿಗಳ ಪಕ್ಕಮುಖದ ನೆರಳುಚಿತ್ರಗಳು. 19ನೆಯ ಶತಮಾನದ ನಡುವಿನಲ್ಲಿ ಬಾಸ್ಟನ್ ಕಡೆಯ ಜಾರ್ಜ್ ಕೆ. ವಾರೆನ್ ಎಂಬ ಛಾಯಾಗ್ರಾಹಕ ಕಾಲೇಜು ಹುಡುಗರ ಭಾವಚಿತ್ರ ತೆಗೆದು ಮಾರುತ್ತಿದ್ದ. ಹುಡುಗರು ಸಹಪಾಠಿಗಳ ಚಿತ್ರಗಳನ್ನು ಕೊಂಡು ಆಲ್ಬಮ್ ಕಟ್ಟಿಸಿಕೊಳ್ಳುತ್ತಿದ್ದರು. ಅಂದರೆ ಇಯರ್‌ಬುಕ್ಕಿನ ಬೇರು ಇರುವುದು ಮುಖದಲ್ಲಿ, ಮುಖದ ಕೆಳಗಿನ ಹೆಸರಿನಲ್ಲಿ.

ನಮ್ಮ ಊರಿನ ಸಂಪ್ರದಾಯ ಬೇರೆ. ನಾವು ಕಂಡ ಕಾಲೇಜು ವಾರ್ಷಿಕ ಸಂಚಿಕೆಗಳಲ್ಲಿ ಕಥೆ, ಕವನ, ಪ್ರಬಂಧ ಮುಖ್ಯ. ಪ್ರಾಂಶುಪಾಲರನ್ನು ನಡುವೆ ಕೂರಿಸಿದ ಗ್ರೂಪ್ ಫೋಟೋಗಳು ಎಲ್ಲೋ ಮಧ್ಯದ ನಾಲ್ಕು ನುಣುಪು ಹಾಳೆಗಳಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 'ಪ್ರಬುದ್ಧ ಕರ್ನಾಟಕ' ಹೊರಟದ್ದನ್ನು ನೆನೆದರೆ, ಕಾಲೇಜಿನ ಪತ್ರಿಕೆ ಎಂದರೆ ನಮಗೆ ಸಾಹಿತ್ಯ ಎಂದೇ ಅರ್ಥ. ಆ ಅಳತೆಗೋಲಿನಿಂದ ಅಳೆದರೆ ಇಯರ್‌ಬುಕ್ ಪಾಪ, ಮೊದಲ ಪುಟದಲ್ಲೇ ನಪಾಸು. ಒಂದು ಕಥೆ ಇಲ್ಲ, ಒಂದು ಪದ್ಯ ಇಲ್ಲ. ಆದರೆ ಆ ಗೋಲು ಇದಕ್ಕೆ ಸಲ್ಲದು. ಇಯರ್‌ಬುಕ್ ಎಂದರೆ ಒಂದು ದಾಖಲೆ. ದಾಖಲೆಗೆ ಕೇಳಬೇಕಾದ ಪ್ರಶ್ನೆಗಳು ಮೂರು: ಎಲ್ಲರೂ ಇದ್ದಾರೆಯೇ? ಇದ್ದವರ ಹೆಸರು ಸರಿಯಿದೆಯೇ? ಆ ವರ್ಷ, ಆ ಶಾಲೆಯಲ್ಲಿ ಮಾತ್ರ ನಿಜವಾಗಿದ್ದ ಸಂಗತಿ ಏನಾದರೂ ಇದರಲ್ಲಿ ಇದೆಯೇ?

ಪುಸ್ತಕ ತಯಾರಾಗುವ ಬಗೆ ತಿಳಿಯದೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಅಚ್ಚು ಮಾಡುವ ಕಂಪನಿಯ ಜೊತೆ ಒಪ್ಪಂದ ಆಗುವಾಗಲೇ ಎಷ್ಟು ಪುಟ, ಎಷ್ಟು ಪ್ರತಿ ಎಂಬುದು ನಿರ್ಧಾರವಾಗುತ್ತದೆ. ಆಮೇಲೆ ಮಕ್ಕಳು 'ಲ್ಯಾಡರ್' ಎಂಬ ಪಟ್ಟಿ ಬರೆಯುತ್ತಾರೆ. ಏಣಿಯ ಮೆಟ್ಟಿಲಿನಂತೆ ಒಂದೊಂದು ಪುಟಕ್ಕೆ ಒಂದೊಂದು ಗೆರೆ. ಯಾವ ಪುಟದಲ್ಲಿ ಫುಟ್‌ಬಾಲು, ಯಾವ ಪುಟದಲ್ಲಿ ರಸಾಯನಶಾಸ್ತ್ರ ಎಂಬ ನಕ್ಷೆ. ಮುದ್ರಣವೆಲ್ಲ ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ. ನಮ್ಮ ಊರಿನ ಮುದ್ರಣಾಲಯಗಳಲ್ಲಿ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಫಾರಂ ತುಂಬಿದಂತೆ ಕಂತುಗಳಲ್ಲಿ ಕಳಿಸಬೇಕು. ಮೊದಲ ಗಡುವು ಬರುವಾಗ ಶಾಲಾವರ್ಷ ಅರ್ಧವೂ ಆಗಿರುವುದಿಲ್ಲ. ಹಿಂದೆ ಪೇಜ್‌ಮೇಕರ್, ಆಮೇಲೆ ಇನ್‌ಡಿಸೈನ್. ಈಗ ಅಚ್ಚಿನ ಕಂಪನಿಗಳೇ ಕೊಡುವ ಆನ್‌ಲೈನ್ ತಂತ್ರಾಂಶದಲ್ಲಿ ಪುಟ ಕಟ್ಟುವುದೂ ಸಾಮಾನ್ಯ.

ಇಲ್ಲೊಂದು ಮುಖ್ಯ ಆಯ್ಕೆ ಇದೆ. ಪುಸ್ತಕ ಮೇ ತಿಂಗಳಲ್ಲಿ, ಶಾಲೆ ಮುಗಿಯುವ ಮೊದಲು ಕೈಗೆ ಸಿಗಬೇಕೆಂದರೆ ಚಳಿಗಾಲ ಮುಗಿಯುವ ಹೊತ್ತಿಗೆ ಕೊನೆಯ ಪುಟ ಅಚ್ಚಿಗೆ ಹೋಗಬೇಕು. ಆಗ ವಸಂತ ಕಾಲದ ಆಟಗಳು, ಕೊನೆಯ ನಾಟಕ, ಪ್ರಾಮ್, ಪದವಿ ಸಮಾರಂಭ ಯಾವುದೂ ಪುಸ್ತಕದಲ್ಲಿ ಇರುವುದಿಲ್ಲ. ಎಲ್ಲವೂ ಇರಬೇಕೆಂದರೆ ಪುಸ್ತಕ ಬರುವುದು ಬೇಸಿಗೆ ರಜೆ ಕಳೆದ ಮೇಲೆ. ಅಷ್ಟರಲ್ಲಿ ಹನ್ನೆರಡನೆಯ ತರಗತಿಯವರು ದಿಕ್ಕಿಗೊಬ್ಬರಾಗಿ ಹೋಗಿರುತ್ತಾರೆ, ಒಬ್ಬರ ಪುಸ್ತಕದಲ್ಲಿ ಒಬ್ಬರು ಸಹಿ ಮಾಡುವ ಸುಖವೇ ಇಲ್ಲ. ನಾವು ನೋಡಿದ ಏಳರಲ್ಲಿ ಐದು ಮೇ ತಿಂಗಳ ಪುಸ್ತಕಗಳು. ಅವುಗಳಲ್ಲಿ ವರ್ಷ ಎಂಬುದು ಫೆಬ್ರವರಿಯ ಹಿಮದಲ್ಲಿ ನಿಂತುಬಿಟ್ಟಿದೆ. ಟೆನಿಸ್ ತಂಡದಲ್ಲಿದ್ದ ನಮ್ಮ ಹುಡುಗನೊಬ್ಬನ ಹಿಂದಿನ ವರ್ಷದ ಪಂದ್ಯದ ಚಿತ್ರ ಈ ವರ್ಷದ ಪುಸ್ತಕದಲ್ಲಿದೆ. ಇದನ್ನು ದೋಷವೆನ್ನಲಾರೆವು, ಆಯ್ಕೆಯ ಬೆಲೆ. ಆದರೆ ಐದರಲ್ಲಿ ಒಂದೇ ಒಂದು ಪುಸ್ತಕ ಮಾತ್ರ "ಈ ಪುಟಗಳು ಮಾರ್ಚಿಗೆ ಮುಗಿದಿವೆ" ಎಂದು ಓದುಗರಿಗೆ ಹೇಳುವ ಸೌಜನ್ಯ ತೋರಿಸಿದೆ.

ಇನ್ನು 'ಥೀಮ್'. ಪ್ರತಿ ಇಯರ್‌ಬುಕ್ಕಿಗೂ ಒಂದು ಕೇಂದ್ರ ಕಲ್ಪನೆ ಇರಲೇಬೇಕು ಎಂಬುದು ಇಲ್ಲಿಯ ಕಟ್ಟಳೆ. ರಟ್ಟಿನ ಮೇಲೆ, ರಟ್ಟಿಗೆ ಅಂಟಿದ ಒಳಹಾಳೆಯ ಮೇಲೆ, ಆರಂಭದ ಪುಟಗಳಲ್ಲಿ, ವಿಭಾಗ ವಿಭಾಗದ ಬಾಗಿಲಿನಲ್ಲಿ, ಕೊನೆಯ ಪುಟದಲ್ಲಿ ಅದೇ ಮಾತು ತಿರುತಿರುಗಿ ಬರಬೇಕು. ನಾವು ಓದಿದ ಏಳರಲ್ಲಿ ಮೂರು ಪುಸ್ತಕಗಳ ಥೀಮು ಒಂದೇ: ನಮ್ಮ ಕಥೆ ನಾವೇ ಬರೆಯುತ್ತೇವೆ ಎಂಬುದು. ಮೂರರಲ್ಲೂ ಕಥೆಯೇ ಇಲ್ಲ! ಮುಂಬಾಗಿಲಿಗೆ ತೋರಣ ಕಟ್ಟಿ ಒಳಗೆ ಒಲೆ ಹಚ್ಚದ ಮನೆಯಂತೆ. ನಾಲ್ಕನೆಯ ಪುಸ್ತಕದ ಮಕ್ಕಳು ಜಾಣರು. ಅವರ ಶಾಲೆಯ ಕಟ್ಟಡ ಆ ವರ್ಷ ಅರ್ಧ ದುರಸ್ತಿಯಲ್ಲಿತ್ತು. ಊಟದ ಮನೆ ಮುಚ್ಚಿ ಮಕ್ಕಳು ಜಿಮ್ನಾಷಿಯಮ್ಮಿನ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಆ ಧೂಳು, ಆ ಹಳದಿ ಪಟ್ಟಿ, "ಈ ದಾರಿ ಮುಚ್ಚಿದೆ" ಎಂಬ ಫಲಕಗಳನ್ನೇ ಥೀಮ್ ಮಾಡಿಕೊಂಡಿದ್ದಾರೆ. ಆ ವರ್ಷ ಬಿಟ್ಟರೆ ಬೇರೆ ಯಾವ ವರ್ಷಕ್ಕೂ ಆ ಪುಸ್ತಕ ಹೊಂದುವುದಿಲ್ಲ. ನಮ್ಮ ಮೂರನೆಯ ಪ್ರಶ್ನೆಗೆ ಅದು ಪೂರ್ಣ ಅಂಕದ ಉತ್ತರ.

ಥೀಮ್ ಎಂದರೆ ಬರಿಯ ಅಲಂಕಾರ ಎಂದು ತಿಳಿದವರಿಗೆ ಕೆಂಟಕಿ ಸ್ಟೇಟ್ ಯೂನಿವರ್ಸಿಟಿಯ ಪ್ರಕರಣ ಹೇಳಬೇಕು. 1994ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ತಂದ ಇಯರ್‌ಬುಕ್ಕಿನ ರಟ್ಟು ನೇರಳೆ ಬಣ್ಣದ್ದು. ವಿಶ್ವವಿದ್ಯಾಲಯದ ಬಣ್ಣಗಳು ಹಸಿರು ಮತ್ತು ಬಂಗಾರ. ಥೀಮು, ಎತ್ತ ಸಾಗುತ್ತಿದ್ದೇವೋ ಗೊತ್ತಿಲ್ಲ ಎಂಬ ಅರ್ಥದ್ದು. ಬಣ್ಣ ಸರಿಯಿಲ್ಲ, ಥೀಮು ಸರಿಯಿಲ್ಲ, ಎಷ್ಟೋ ಚಿತ್ರಗಳಿಗೆ ಅಡಿಬರಹವಿಲ್ಲ, ಶಾಲೆಗೆ ಸಂಬಂಧಿಸದ ಲೋಕವಾರ್ತೆಯ ಚಿತ್ರಗಳಿವೆ ಎಂದು ಅಧಿಕಾರಿಗಳು ಪ್ರತಿಗಳನ್ನು ಹಂಚದೆ ಬೀಗ ಹಾಕಿಟ್ಟರು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಹೀಗೆ ತಡೆಹಿಡಿದದ್ದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು. ಅಡಿಬರಹವಿಲ್ಲದ ಚಿತ್ರದ ಬಗ್ಗೆ ಅಧಿಕಾರಿಗಳ ವಿಮರ್ಶೆ ಸರಿಯಾಗಿಯೇ ಇತ್ತು. ಆದರೆ ವಿಮರ್ಶಕನ ಕೈಯಲ್ಲಿ ಲೇಖನಿ ಇರಬೇಕೇ ಹೊರತು ಬೀಗದ ಕೈ ಅಲ್ಲ.

ಹೈಸ್ಕೂಲಿನ ಮಕ್ಕಳಿಗೆ ಅಷ್ಟು ರಕ್ಷಣೆ ಇಲ್ಲ ಎಂಬುದನ್ನೂ ಹೇಳಬೇಕು. ಮಿಸ್ಸೂರಿಯ ಹೇಝಲ್‌ವುಡ್ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಶಾಲೆಯೇ ನಡೆಸುವ ಪತ್ರಿಕೆಯಲ್ಲಿ ಶೈಕ್ಷಣಿಕ ಕಾರಣ ತೋರಿಸಿ ಶಾಲೆ ಕತ್ತರಿ ಆಡಿಸಬಹುದು ಎಂದು ಹೇಳಿತು. ಕತ್ತರಿ ಕೆಲವು ಸಲ ಎಲ್ಲೆಲ್ಲೋ ಆಡುತ್ತದೆ. 2021ರಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ಕೌಂಟಿಯ ಒಂದು ಹೈಸ್ಕೂಲಿನ ಇಯರ್‌ಬುಕ್ಕಿನಲ್ಲಿ 80 ಹುಡುಗಿಯರ ಭಾವಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಎದೆಯ ಭಾಗಕ್ಕೆ ಬಟ್ಟೆ ಏರಿಸಿದ್ದರು. ಅದೇ ಪುಸ್ತಕದಲ್ಲಿ ಈಜು ತಂಡದ ಹುಡುಗರ ಚಿತ್ರ ಇದ್ದ ಹಾಗೆಯೇ ಇತ್ತು! ಗದ್ದಲವಾಗಿ ಶಾಲೆ ಹಣ ಹಿಂದಿರುಗಿಸಲು ಮುಂದಾಯಿತು. ದಾಖಲೆಯನ್ನು ತಿದ್ದುವವರು ಮೊದಲು ಯಾರನ್ನು ತಿದ್ದುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ವಿನ್ಯಾಸದ ವಿಷಯಕ್ಕೆ ಬಂದರೆ, ಈ ಮಕ್ಕಳಿಗೆ ಶಹಭಾಸ್ ಎನ್ನಲೇಬೇಕು. ಎದುರುಬದುರಿನ ಎರಡು ಪುಟಗಳನ್ನು ಒಂದೇ ಹಾಸು ಎಂದು ಭಾವಿಸಿ ಕಟ್ಟುತ್ತಾರೆ. ಉಳಿದ ಯಾವ ಚಿತ್ರಕ್ಕಿಂತಲೂ ಎರಡು ಪಟ್ಟಾದರೂ ದೊಡ್ಡದಾದ ಒಂದು ಪ್ರಧಾನ ಚಿತ್ರ, ಅದರ ಸುತ್ತ ಸಣ್ಣವು, ನಡುವೆ ಸಮನಾದ ಬಿಳಿ ಅಂಚು, ಖಾಲಿ ಜಾಗವೆಲ್ಲ ಹೊರಗಡೆಗೆ. ಕಣ್ಣು ಎಲ್ಲಿ ಇಳಿಯಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದು ಖಚಿತ. ಕನ್ನಡ ಸಮ್ಮೇಳನಗಳ ಸ್ಮರಣ ಸಂಚಿಕೆಗಳನ್ನು ರೂಪಿಸುವವರು ಒಂದು ಸಂಜೆ ಈ ಪುಟಗಳ ಮುಂದೆ ಕುಳಿತರೆ ನಷ್ಟವಿಲ್ಲ. ಒಂದೇ ಪುಟಕ್ಕೆ ಹದಿನಾಲ್ಕು ಅಂಚೆಚೀಟಿ ಗಾತ್ರದ ಫೋಟೋ ತುರುಕುವ ಅಭ್ಯಾಸ ಬಿಟ್ಟುಹೋದೀತು.

ಚಿತ್ರ ಚೆನ್ನಾಗಿದೆ ಸರಿ, ಚಿತ್ರದ ಕೆಳಗೆ? ಅಡಿಬರಹಕ್ಕೆ ಇಲ್ಲಿಯ ಪತ್ರಿಕೋದ್ಯಮದ ಮೇಷ್ಟರುಗಳು ಒಳ್ಳೆಯ ನಿಯಮ ಕಲಿಸುತ್ತಾರೆ. ಮೊದಲ ವಾಕ್ಯ ವರ್ತಮಾನದಲ್ಲಿ, ಯಾರು ಏನು ಮಾಡುತ್ತಿದ್ದಾರೆ ಎಂಬುದು. ಎರಡನೆಯದು ಚಿತ್ರದಲ್ಲಿ ಕಾಣದ ಸಂಗತಿ. ಮೂರನೆಯದು ಅವರದೇ ಒಂದು ಮಾತು. ಮುಖ ಕಾಣುವ ಎಲ್ಲರಿಗೂ ಹೆಸರು. ಈ ನಿಯಮ ಏಳೂ ಪುಸ್ತಕಗಳ ಫುಟ್‌ಬಾಲ್ ಪುಟಗಳಲ್ಲಿ ಅಚ್ಚುಕಟ್ಟಾಗಿ ಪಾಲನೆಯಾಗಿದೆ. ಚೆಂಡು ಹಿಡಿದವನು, ಅಡ್ಡ ಬಿದ್ದವನು, ದೂರದಲ್ಲಿ ನೀರು ಕುಡಿಯುತ್ತಿರುವವನು, ಎಲ್ಲರ ಹೆಸರೂ, ತರಗತಿಯೂ, ಆಟದ ಅಂಕವೂ ಇದೆ. ಪುಟ ತಿರುಗಿಸಿ 'ಬಹುಸಂಸ್ಕೃತಿ ರಾತ್ರಿ'ಗೆ ಬನ್ನಿ. ಒಂದು ಪುಸ್ತಕದಲ್ಲಿ ಎಂಟು ಹುಡುಗಿಯರು ಜರಿಯ ಲಂಗ ಉಟ್ಟು ಕೋಲಾಟ ಆಡುತ್ತಿದ್ದಾರೆ. ಚಿತ್ರ ಅದ್ಭುತ, ಕೋಲಿಗೆ ಕೋಲು ತಾಗುವ ಕ್ಷಣ ಸರಿಯಾಗಿ ಸಿಕ್ಕಿದೆ. ಕೆಳಗೆ ಬರೆದಿರುವುದು: ವಿದ್ಯಾರ್ಥಿನಿಯರು ಸಾಂಪ್ರದಾಯಿಕ ನೃತ್ಯ ಮಾಡುತ್ತಿದ್ದಾರೆ. ಅಷ್ಟೇ. ಎಂಟರಲ್ಲಿ ಒಬ್ಬಳ ಹೆಸರೂ ಇಲ್ಲ, ಕುಣಿತದ ಹೆಸರೂ ಇಲ್ಲ. ಆ ಎಂಟೂ ಮಕ್ಕಳು ಅದೇ ಶಾಲೆಯ ಕಾರಿಡಾರಿನಲ್ಲಿ ನಾಲ್ಕು ವರ್ಷ ಓಡಾಡಿದವರು. ದುರುದ್ದೇಶ ಇದ್ದಿರಲಾರದು, ಹೋಗಿ ಕೇಳುವ ಶ್ರಮ ತೆಗೆದುಕೊಂಡಿಲ್ಲ. ಆದರೆ ದಾಖಲೆಯಲ್ಲಿ ಉಳಿಯುವುದು ಉದ್ದೇಶವಲ್ಲ, ಅಚ್ಚಾದ ಅಕ್ಷರ. ಫುಟ್‌ಬಾಲ್ ಹುಡುಗ ಹೆಸರಿರುವ ಮನುಷ್ಯ, ಕೋಲಾಟದ ಹುಡುಗಿ ಬಣ್ಣದ ಬಟ್ಟೆ ಎಂದು ಪುಸ್ತಕ ಹೇಳಿದಂತಾಯಿತು.

ಹೆಸರಿನ ಮಾತು ಬಂದದ್ದರಿಂದ ಕೊನೆಯ ಪುಟಗಳಿಗೆ ಹೋಗೋಣ. ಇಯರ್‌ಬುಕ್ಕಿನಲ್ಲಿ ನಮಗೆ ಅತ್ಯಂತ ಪ್ರಿಯವಾದ ಭಾಗ ಅಕಾರಾದಿ ಸೂಚಿ. ಯಾರು ಯಾವ ಯಾವ ಪುಟದಲ್ಲಿದ್ದಾರೆ ಎಂಬ ಪಟ್ಟಿ. ಓದಲು ಬೇಸರ, ಆದರೆ ಪುಸ್ತಕದ ನ್ಯಾಯ ಅನ್ಯಾಯವೆಲ್ಲ ಅಲ್ಲಿ ಬಯಲು. ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಮೂರು ಸಲ ಕಾಣಿಸಬೇಕು ಎಂದು ಗುರಿ ಇಟ್ಟುಕೊಳ್ಳುವ ಸಂಪಾದಕ ಮಂಡಳಿಗಳು ಈ ದೇಶದಲ್ಲಿ ಬೇಕಾದಷ್ಟಿವೆ. ನಾವು ನೋಡಿದ ಒಂದು ಪುಸ್ತಕದಲ್ಲಿ ಸಂಪಾದಕಿಯ ಹೆಸರಿನ ಮುಂದೆ ಎರಡು ಸಾಲು ತುಂಬ ಪುಟಸಂಖ್ಯೆಗಳು. ಅವಳ ಮೇಲೆ, ಕೆಳಗೆ ಇರುವ ಹೆಸರುಗಳ ಮುಂದೆ ಒಂದೊಂದೇ. ಊಟಕ್ಕೆ ಬಡಿಸುವವರು ನಮ್ಮವರಾದರೆ ಎಂಬ ಗಾದೆಗೆ ಇಂಗ್ಲಿಷ್ ಅವತರಣಿಕೆ!

ನಮ್ಮ ಮಕ್ಕಳ ಮಟ್ಟಿಗೆ ಈ ಸೂಚಿ ಇನ್ನೊಂದು ಕಥೆ ಹೇಳುತ್ತದೆ. ಊರಿನಲ್ಲಿ ಇನಿಷಿಯಲ್ಲುಗಳ ಹಿಂದೆ ಅಡಗಿದ್ದ ಊರು, ತಂದೆ, ತಾತ ಎಲ್ಲರೂ ಪಾಸ್‌ಪೋರ್ಟಿನ ದಾರಿಯಲ್ಲಿ ಬಿಚ್ಚಿಕೊಂಡು ಇಲ್ಲಿ 'ಕೊನೆಯ ಹೆಸರು' ಆಗಿದ್ದಾರೆ. ಒಂದು ಮನೆಯ ಮಗಳು ಅಪ್ಪನ ಹೆಸರಿನಲ್ಲಿ, ಇನ್ನೊಂದು ಮನೆಯ ಮಗ ಮುತ್ತಜ್ಜ ಬಿಟ್ಟುಬಂದ ಹಳ್ಳಿಯ ಹೆಸರಿನಲ್ಲಿ ಪಟ್ಟಿಯಾಗುತ್ತಾರೆ. ಹಳ್ಳಿಯ ಹೆಸರು ಉದ್ದವಾದರೆ ಅಂಕಣದಲ್ಲಿ ಹಿಡಿಸದೆ ಬಾಲ ಕತ್ತರಿಸುತ್ತದೆ. ಒಂದು ಪುಸ್ತಕದಲ್ಲಿ ಒಬ್ಬನೇ ಹುಡುಗ ಮೂರು ಕಡೆ ಇದ್ದಾನೆ: ಭಾವಚಿತ್ರದ ಕೆಳಗೆ ಪೂರ್ತಿ ಹೆಸರು, ಚೆಸ್ ಕ್ಲಬ್ಬಿನಲ್ಲಿ ಗೆಳೆಯರು ಕರೆಯುವ ಮೊಟಕು ಹೆಸರು, ಸೂಚಿಯಲ್ಲಿ ಮೊದಲಿನದು ಕೊನೆಗೆ ಕೊನೆಯದು ಮೊದಲಿಗೆ. ಲೆಕ್ಕ ಹಾಕಿದರೆ ಮೂವರು. ಅವನನ್ನು ಮುಂದೆಂದೋ ಹುಡುಕುವವರಿಗೆ ಒಬ್ಬನೂ ಪೂರ್ತಿ ಸಿಗುವುದಿಲ್ಲ.

ಜಾಹೀರಾತಿನ ಪುಟಗಳಲ್ಲಿ ಅಪ್ಪ ಅಮ್ಮಂದಿರು ಹಣ ಕೊಟ್ಟು ಮಕ್ಕಳಿಗೆ ಹರಸುವ ಪದ್ಧತಿ ಇದೆ. ತೊಟ್ಟಿಲಿನ ಫೋಟೋ ಒಂದು, ಈಗಿನದು ಒಂದು, ನಡುವೆ ನಾಲ್ಕು ಮಾತು. ವಿಮರ್ಶಕರು ಮೂಗು ಮುರಿಯುವ ಜಾಗ ಇದು. ನಾವು ಮುರಿಯುವುದಿಲ್ಲ. ಏಳು ಪುಸ್ತಕಗಳಲ್ಲಿ ಕನ್ನಡ ಅಕ್ಷರ ಕಂಡದ್ದು ಅಲ್ಲಿ ಮಾತ್ರ, ಒಂದೇ ಒಂದು ಕಡೆ, ಕಾಲು ಪುಟದಲ್ಲಿ. ದುಃಖವೆಂದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರಿವೆ. 'ಅಮ್ಮ' ಹೋಗಿ ಅರ್ಧಾಕ್ಷರದ ಏನೋ ಆಗಿದೆ. ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಹಾಕದಿದ್ದರೆ ಹೀಗಾಗುತ್ತದೆ. ಕನ್ನಡ ಸಾಲನ್ನು ಚಿತ್ರವಾಗಿ ಉಳಿಸಿ ಕಳಿಸುವುದು, ಅಚ್ಚಿಗೆ ಮುನ್ನ ಕರಡು ಕೇಳಿ ನೋಡುವುದು, ಇವೆರಡೇ ಪರಿಹಾರ. ಕನ್ನಡ ಬಲ್ಲವರು ಆ ಕೋಣೆಯಲ್ಲಿ ಇಲ್ಲದಿದ್ದ ಮೇಲೆ ಕರಡು ತಿದ್ದುವವರು ನಾವೇ.

ಈ ಪುಸ್ತಕ ಪ್ರಕಾರ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ಕೇಳಿದರೆ ನಾವು ತೋರಿಸುವುದು ಮಾನ್ಜನಾರ್ ಅನ್ನು. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದ ಕುಟುಂಬಗಳನ್ನು ಕೂಡಿಹಾಕಿದ ಕ್ಯಾಲಿಫೋರ್ನಿಯಾದ ಮರುಭೂಮಿಯ ಶಿಬಿರ ಅದು. ಅಲ್ಲಿದ್ದವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ. ಮುಳ್ಳುತಂತಿಯ ಒಳಗಿನ ಹೈಸ್ಕೂಲಿನ ಮಕ್ಕಳು 1944ರಲ್ಲಿ 'ಅವರ್ ವರ್ಲ್ಡ್' ಎಂಬ ಇಯರ್‌ಬುಕ್ ತಂದರು. ಚಿತ್ರ ತೆಗೆದುಕೊಟ್ಟವರು ಟೊಯೊ ಮಿಯಾಟಾಕೆ. ಶಿಬಿರಕ್ಕೆ ಲೆನ್ಸನ್ನು ಗುಟ್ಟಾಗಿ ಒಯ್ದು, ಮರದ ಪೆಟ್ಟಿಗೆಯಿಂದ ಕ್ಯಾಮೆರಾ ಮಾಡಿಕೊಂಡಿದ್ದ ಲಾಸ್ ಏಂಜಲೀಸಿನ ಛಾಯಾಗ್ರಾಹಕ. ಪುಸ್ತಕದ ತುಂಬ ಎಲ್ಲ ಶಾಲೆಗಳಲ್ಲಿರುವಂಥದ್ದೇ: ತರಗತಿಗಳು, ನಾಟಕ, ಸಂಗೀತ, ಆಟ. ಮರುವರ್ಷದ ಪುಸ್ತಕದಲ್ಲಿ ಮಿಯಾಟಾಕೆಯ ಒಂದು ಚಿತ್ರವಿದೆ: ಮುಳ್ಳುತಂತಿಯನ್ನು ಕತ್ತರಿಸಲು ಇಕ್ಕಳ ಹಿಡಿದ ಒಂದು ಕೈ. ಸರ್ಕಾರ ಅವರನ್ನು ಸಂಖ್ಯೆಗಳಾಗಿ ದಾಖಲಿಸಿತ್ತು. ಮಕ್ಕಳು ತಮ್ಮನ್ನು ಮುಖ ಮತ್ತು ಹೆಸರುಗಳಾಗಿ ದಾಖಲಿಸಿಕೊಂಡರು. ಹೊರಗಿನಿಂದ ಬಂದವರ ಮಕ್ಕಳಿಗೆ ಇಯರ್‌ಬುಕ್ ಏಕೆ ಮುಖ್ಯ ಎಂದು ಕೇಳುವವರು ಆ ಎರಡು ಪುಸ್ತಕಗಳನ್ನು ನೋಡಬೇಕು.

ಕಟ್ಟಕಡೆಯ ಪುಟದ 'ಕಾಲಫನ್' ಬಗ್ಗೆ ಒಂದು ಮಾತು. ಯಾವ ಅಚ್ಚಿನವರು, ಯಾವ ಕಾಗದ, ಯಾವ ಅಕ್ಷರಶೈಲಿ, ಎಷ್ಟು ಪ್ರತಿ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಓಲೆಗರಿಯ ಲಿಪಿಕಾರರೂ ಕೊನೆಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು ಬರೆದು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಬಲ್ಲವರನ್ನು ಬೇಡುತ್ತಿದ್ದರು. ಏಳರಲ್ಲಿ ಆರು ಪುಸ್ತಕಗಳು ಕಾಗದದ ತೂಕ ಹೇಳಿವೆ. ಒಂದು ಮಾತ್ರ, ಶಾಲೆಯ ದುರಸ್ತಿಯನ್ನು ಥೀಮ್ ಮಾಡಿಕೊಂಡ ಅದೇ ಪುಸ್ತಕ, ಹೆಸರು ತಪ್ಪಿದ್ದರೆ ನಮಗೆ ತಿಳಿಸಿ, ಮುಂದಿನ ವರ್ಷ ಸರಿಯಾಗಿ ಹಾಕುತ್ತೇವೆ ಎಂದು ಬರೆದಿದೆ. ಏಳರಲ್ಲಿ ಮೊದಲ ಸ್ಥಾನ ನಾವು ಅದಕ್ಕೇ ಕೊಟ್ಟದ್ದು.

ತಾಯ್ತಂದೆಯರಿಗೆ ಒಂದು ಸೂಚನೆ. ಭಾವಚಿತ್ರದ ಕೆಳಗಿನ ಹೆಸರು ಸಾಮಾನ್ಯವಾಗಿ ಬರುವುದು ಶಾಲೆಯ ಕಚೇರಿಯ ದಾಖಲೆಯಿಂದ. ಮಕ್ಕಳನ್ನು ಸೇರಿಸಿದ ದಿನ ಅರ್ಜಿಯಲ್ಲಿ ಬಿದ್ದ ಒಂದು ಅಕ್ಷರ ಹನ್ನೆರಡನೆಯ ತರಗತಿಯವರೆಗೂ ಹಿಂಬಾಲಿಸುತ್ತದೆ. ಆದ್ದರಿಂದ ತಿದ್ದುಪಡಿಯನ್ನು ಮೇ ತಿಂಗಳಲ್ಲಿ ಇಯರ್‌ಬುಕ್ಕಿನ ಮಕ್ಕಳ ಮೇಲೆ ರೇಗಿ ಮಾಡಿಸುವುದಲ್ಲ, ಶಾಲೆ ತೆರೆದ ವಾರದಲ್ಲೇ ಕಚೇರಿಯಲ್ಲಿ ಕೇಳಿ ಮಾಡಿಸಬೇಕು. ನಿಮ್ಮ ಮಗಳೋ ಮಗನೋ ಬರೆಯಬಲ್ಲವರಾದರೆ ಆ ಸಂಪಾದಕ ಮಂಡಳಿಗೆ ಸೇರಿಸಿ. ಬಹುಸಂಸ್ಕೃತಿ ರಾತ್ರಿಯ ಚಿತ್ರದ ಕೆಳಗೆ 'ಕೋಲಾಟ' ಎಂದೂ, ಎಂಟು ಹೆಸರುಗಳನ್ನೂ ಬರೆಯಲು ಒಬ್ಬರಾದರೂ ಅಲ್ಲಿ ಬೇಕು.

ಮುಂದಿನ ತಿಂಗಳ ಕೂಟಕ್ಕೆ ಬರುವಾಗ ಮನೆಯಲ್ಲಿರುವ ಇಯರ್‌ಬುಕ್ಕನ್ನೂ ತನ್ನಿ. ಹಳೆಯದಾದಷ್ಟೂ ಒಳ್ಳೆಯದು.